ಒಂದು ಕೊಯ್ತಾ ಅಂದರೆ ಎಷ್ಟು ಜನ?

ವಿಜಯಪುರ ಜಿಲ್ಲೆಯ ಒಂದು ಸರ್ಕಾರಿ ಶಾಲೆಯಲ್ಲಿ ನಾನು ನಲಿ-ಕಲಿ ಟೀಚರ್. ಅಂದರೆ ಚಟುವಟಿಕೆಯ ಕಾರ್ಡುಗಳಿಂದ, ಮೆಟ್ಟಿಲು ಮೆಟ್ಟಿಲಾಗಿ ಕಲಿಸುವ ಪದ್ಧತಿ. ಒಂದರಿಂದ ಮೂರನೇ ತರಗತಿಯವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿ. ಅರ್ಧ ಊರಿನವರು, ಅರ್ಧ ಲಂಬಾಣಿ ತಾಂಡಾದವರು. ಮೊದಲ ಕೆಲವು ವರ್ಷ ನನಗೊಂದು ಜಂಬವಿತ್ತು. ನಾನು ಯಾರಲ್ಲೂ ಭೇದ ಮಾಡುವವಳಲ್ಲ, ಎಲ್ಲರಿಗೂ ಅದೇ ಕಾರ್ಡು, ಅದೇ ಕಲಿಕೆಯ ಏಣಿ ಅಂತ.

ನಲಿ-ಕಲಿಯಲ್ಲಿ ಅಕ್ಷರ ಶುರುವಾಗುವುದು ಅ ಆ ಇ ಈ ಎಂದಲ್ಲ, ರ ಗ ಸ ದ ಅ ಎಂದು. ಈ ಐದು ಬಂದರೆ ಸರ, ಅರಸ, ಗರಗಸ ಎಲ್ಲ ಓದಬಹುದು. ತಾಂಡಾದ ಹುಡುಗಿಯೊಬ್ಬಳು ಗರಗಸ ಎಂದು ಚೆನ್ನಾಗಿಯೇ ಓದಿದಳು. ಹಾಗಂದ್ರೇನು ಎಂದೆ. ನನ್ನ ಮುಖ ನೋಡಿದಳು. ಅರಸ? ಅದೂ ಗೊತ್ತಿಲ್ಲ. ಊರಿನ ಮಗುವಿಗೆ ಕಲಿಯಲು ಅಕ್ಷರವಷ್ಟೇ ಇತ್ತು. ಇವಳಿಗೆ ಅಷ್ಟೇ ದಿನದಲ್ಲಿ ಅಕ್ಷರದ ಜೊತೆ ಒಂದು ಹೊಸ ಭಾಷೆ. ಅವಳು ನಿಧಾನ ಎಂದು ನಾನು ಆಗಲೇ ತೀರ್ಮಾನಿಸಿಬಿಟ್ಟಿದ್ದೆ.

2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ಮಗುವಿಗೆ ಸಾಧ್ಯವಾದಷ್ಟೂ ಅದರ ಮಾತೃಭಾಷೆಯಲ್ಲೇ ಕಲಿಸಿ ಎನ್ನುತ್ತದೆ. ಆ ‘ಸಾಧ್ಯವಾದಷ್ಟೂ’ ಇದೆಯಲ್ಲ, ನಮಗೆಲ್ಲ ತಪ್ಪಿಸಿಕೊಳ್ಳಲು ಅಷ್ಟು ಸಾಕು.

ನಾನು ಒಂದು ನೋಟ್‌ಬುಕ್ ತಂದು ಮಕ್ಕಳನ್ನೇ ಕೇಳಿ ಬರೆಯತೊಡಗಿದೆ. ನೀರಿಗೆ ಪಾಣಿ, ಅವ್ವನಿಗೆ ಯಾಡಿ, ರೊಟ್ಟಿಗೆ ಬಾಟಿ. ಲಂಬಾಣಿಗರ ಈ ಮಾತಿಗೆ, ಅಂದರೆ ಗೋರ್ ಬೋಲಿಗೆ, ಸ್ವಂತ ಲಿಪಿ ಇಲ್ಲ, ಕನ್ನಡ ಅಕ್ಷರದಲ್ಲೇ ಬರೆದು ಗೋಡೆಗೆ ಅಂಟಿಸಿದೆವು. ‘ಬಾಟಿ’ ಎಂದು ಓದಿದ ತಾಂಡಾದ ಮಕ್ಕಳಿಗೆ ಅರ್ಥ ಹೇಳಬೇಕಾಗಿರಲಿಲ್ಲ. ಊರಿನ ಮಕ್ಕಳೇ ಅವರನ್ನು ಕೇಳಬೇಕಾಯಿತು. ಕ್ಲಾಸಿನಲ್ಲಿ ಗಲಾಟೆ ಜಾಸ್ತಿ ಆಯ್ತು, ಅದು ಬೇರೆ ಮಾತು.

ತಕರಾರು ಊರಿನವರಿಂದ ಬರುತ್ತದೆ ಅಂದುಕೊಂಡಿದ್ದೆ. ಬಂದದ್ದು ತಾಂಡಾದ ಅಪ್ಪನೊಬ್ಬನಿಂದ. “ಅಕ್ಕೋರ, ನಮ್ಮ ಮಾತು ಮನ್ಯಾಗ ಐತ್ರೀ. ಸಾಲ್ಯಾಗ ಕನ್ನಡ, ಇಂಗ್ಲಿಷ್ ಕಲಸ್ರಿ.” ಅವನ ಮಾತು ತಪ್ಪಲ್ಲ. ಬಸ್ ಸ್ಟ್ಯಾಂಡಿನಲ್ಲಿ, ಆಸ್ಪತ್ರೆಯಲ್ಲಿ ಕನ್ನಡ ಬಾರದೆ ನಿಂತವರ ಕಷ್ಟ ಅವನಿಗೆ ಗೊತ್ತು. ಕನ್ನಡಕ್ಕೆ ಹೋಗೋ ದಾರಿನೇ ಇದು ಎಂದೆ. ಅರೆಮನಸ್ಸಿನಿಂದ ತಲೆಯಾಡಿಸಿ ಹೋದ.

ಹಿಂದೆ ನಾವು ‘ವೈವಿಧ್ಯ’ ಎಂದು ಮಾಡುತ್ತಿದ್ದದ್ದು ವರ್ಷಕ್ಕೊಮ್ಮೆ ಛದ್ಮವೇಷ. ಒಂದು ವರ್ಷ ಊರಿನ ಹುಡುಗಿಯೊಬ್ಬಳು ಬಾಡಿಗೆಗೆ ತಂದ ಲಂಬಾಣಿ ಉಡುಪು ತೊಟ್ಟು ಮೊದಲ ಬಹುಮಾನ ಗೆದ್ದಳು. ಮನೆಯಲ್ಲಿ ಅಜ್ಜಿಯ ಫೇಟಿಯಾ, ಕಾಂಚಳಿ ನೋಡುತ್ತಲೇ ಬೆಳೆದ ಹುಡುಗಿಯರು ಯೂನಿಫಾರ್ಮಿನಲ್ಲಿ ಕೂತು ಚಪ್ಪಾಳೆ ತಟ್ಟಿದರು. ಚಪ್ಪಾಳೆ ತಟ್ಟಿಸಿದವಳು ನಾನೇ.

ಆಮೇಲೆ ಗಣಿತ. ಹಣ್ಣಿನ ಅಂಗಡಿ, ಚೆಂಡು, ಬಲೂನಿನ ಲೆಕ್ಕ ಬಿಟ್ಟು ಒಂದು ದಿನ ಕಬ್ಬಿನ ಲೆಕ್ಕ ಕೊಟ್ಟೆ. ಇಲ್ಲಿಂದ ಎಷ್ಟೋ ಮನೆಯವರು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುತ್ತಾರೆ. ಕೊಯ್ತಾ ಅಂದರೆ ಕಬ್ಬು ಕಡಿಯುವ ಕತ್ತಿ. “ಒಂದು ಗ್ಯಾಂಗಿನಲ್ಲಿ 10 ಕೊಯ್ತಾ ಇವೆ. ಜನ ಎಷ್ಟು?” ಊರಿನ ಮಕ್ಕಳು ತಟ್ಟನೆ 10 ಎಂದರು. ನನ್ನ ಉತ್ತರವೂ ಅದೇ. ಬಾಯಿ ಬಿಡದ ಮೂರನೇ ತರಗತಿಯ ಹುಡುಗನೊಬ್ಬ ಎದ್ದು ನಿಂತ.

“ಇಪ್ಪತ್ರೀ. ಒಂದ್ ಕೊಯ್ತಾ ಅಂದ್ರ ಯಾಡಿ, ಬಾಪು ಇಬ್ರೂ ಕೂಡಿ.”

ಅವನು ಹೇಳಿದ್ದೇ ಸರಿ. ಗಂಡ ಹೆಂಡತಿ ಜೋಡಿಯನ್ನು ಒಂದು ಕೊಯ್ತಾ ಎಂದು ಎಣಿಸಿ ಮುಂಗಡ ಕೊಡುತ್ತಾರೆ. ಬೋರ್ಡಿನ ಮೇಲಿದ್ದ ನನ್ನ ಉತ್ತರ ಒರೆಸಿ ಅವನ ಕೈಗೆ ಚಾಕ್‌ಪೀಸ್ ಕೊಟ್ಟೆ. ಮುಂಗಡ ಅಂದರೇನು, ಅದು ತೀರುವುದು ಹೇಗೆ ಎಂದು ಊರಿನ ಮಕ್ಕಳು ಅವನನ್ನು ಕೇಳುತ್ತಾ ಹೋದರು. ಆ ದಿನದ ಉಳಿದ ಕಾರ್ಡುಗಳು ಹಾಗೇ ಉಳಿದವು.

ಈ ಸಲ ದೀಪಾವಳಿ ಮುಗಿದ ಮೇಲೆ ಅವನ ಅಪ್ಪ ಅವ್ವ ಕಬ್ಬಿಗೆ ಹೋದರು. ಅವನು ಅಜ್ಜಿಯ ಜೊತೆ ಉಳಿದಿದ್ದಾನೆ. ನನ್ನ ನೋಟ್‌ಬುಕ್ ಈಗ ಅರ್ಧ ತುಂಬಿದೆ. ನಾನು ಅದರಿಂದ ಗಟ್ಟಿಯಾಗಿ ಓದಿದರೆ ಅವನು ಬಾಯಿಗೆ ಕೈ ಅಡ್ಡ ಇಟ್ಟು ನಗುತ್ತಾನೆ, ಆಮೇಲೆ ತಿದ್ದುತ್ತಾನೆ.