ಊಲಾಂಗ್ ಹಾಲಿನ ಚಾ: ನನಗೆ ದಾರಿ ಸಿಕ್ಕಿದ್ದು ಕಾಫಿ ಡಿಕಾಕ್ಷನ್ನಿನಿಂದ

ನಮ್ಮ ಮನೆಯಲ್ಲಿ ದಿನಕ್ಕೆ ನಾಲ್ಕು ಸಲ ಕುಡಿಯುವುದಕ್ಕೆ ಅಂತ ಒಲೆ ಹೊತ್ತುತ್ತದೆ. ಬೆಳಿಗ್ಗೆ ಕಾಫಿ, ಹತ್ತು ಗಂಟೆಗೆ ಚಾ, ಮಧ್ಯಾಹ್ನ ಮಲಗಿ ಎದ್ದ ಮೇಲೆ ಮತ್ತೆ ಚಾ, ಸಂಜೆ ಮಾವನಿಗೆ ಕಷಾಯ. ಶಿರಸಿ ಸುತ್ತಿನ ಅಡಿಕೆ ತೋಟದ ಮನೆಗಳಲ್ಲಿ ಇದೇನೂ ಜಾಸ್ತಿ ಅಲ್ಲ. ಯಾರೇ ಬರಲಿ, ಕಾಲು ತೊಳೆದು ಒಳಗೆ ಬಂದ ತಕ್ಷಣ ಕೇಳುವುದು "ಆಸರಿಗೆ ಎಂತಾ ಅಡ್ಡಿಲ್ಲೆ?" ಅಂತಲೇ, ಅಂದರೆ ಕುಡಿಯಲು ಏನು ಆಗಬಹುದು ಅಂತ. ಇಂಥ ಮನೆಗೆ ಎರಡು ವರ್ಷದ ಹಿಂದೆ ಊಲಾಂಗ್ ಬಂತು, ಹಸಿರು ಚಾಕ್ಕೂ ಕಪ್ಪು ಚಾಕ್ಕೂ ನಡುವಿನ ಒಂದು ಚಾ ಎಲೆ.

ತಂದವನು ನನ್ನ ತಮ್ಮ. ಅವನಿಗೆ ಬೆಂಗಳೂರಿನಲ್ಲಿ ಕೆಲಸ. ಒಮ್ಮೆ ನಾನು ಅಲ್ಲಿಗೆ ಹೋದಾಗ ಒಂದು ಅಂಗಡಿಯಲ್ಲಿ ಊಲಾಂಗ್ ಹಾಲಿನ ಚಾ ಕುಡಿಸಿದ್ದ. ಹಾಲಿನ ಒಳಗಿಂದ ಒಂದು ಪರಿಮಳ ಬರುತ್ತಿತ್ತು. ಹೂವಿನದ್ದು ಅನ್ನೋಣ ಅಂದರೆ ಹುರಿದ ಕಾಳಿನದ್ದೂ ಹೌದು. ನುಂಗಿದ ಮೇಲೆ ಎಷ್ಟೋ ಹೊತ್ತು ಗಂಟಲಲ್ಲಿ ಉಳಿದಿತ್ತು. ಊರಿಗೆ ಬಂದ ಮೇಲೂ ಅದು ತಲೆಯಿಂದ ಹೋಗಲಿಲ್ಲ. ಮುಂದಿನ ಸಲ ಅವನು ಬರುವಾಗ 100 ಗ್ರಾಂ ಪೊಟ್ಟಣ ಹಿಡಿದುಕೊಂಡೇ ಬಂದ.

ಬಿಚ್ಚಿ ನೋಡಿದರೆ ಕಾಳುಮೆಣಸಿಗಿಂತ ತುಸು ದೊಡ್ಡ ಉಂಡೆಗಳು. ಕಪ್ಪು ಹಸಿರು ಬಣ್ಣ. ಕೆಲವಕ್ಕೆ ಬಾಲದ ಹಾಗೆ ತೊಟ್ಟು ಅಂಟಿಕೊಂಡಿತ್ತು. ಅತ್ತೆ ನಾಲ್ಕು ಕಾಳು ಅಂಗೈಯಲ್ಲಿ ಹಾಕಿಕೊಂಡು, "ಇದೆಂತದೇ ಕೂಸೇ, ಮೆಣಸಿನಕಾಳು ಇದ್ದಂಗೆ ಇದ್ದು" ಅಂದರು.

ಮೊದಲ ದಿನ ಚಾ ಮಾಡುವ ಹಾಗೇ ಮಾಡಿದೆ. ನೀರು, ಹಾಲು, ಸಕ್ಕರೆ, ಎರಡು ಚಮಚ ಊಲಾಂಗ್, ಎಲ್ಲ ಒಟ್ಟಿಗೆ ಹಾಕಿ ಮೂರು ಕುದಿ ಬರಿಸಿದೆ. ಬಣ್ಣವೇ ಬಿಡಲಿಲ್ಲ. ಇನ್ನೂ ಐದು ನಿಮಿಷ ಕುದಿಸಿದೆ. ಆಗ ಬಂದದ್ದು ಕಹಿ. ಆ ಪರಿಮಳ ಎಲ್ಲಿ ಹೋಯಿತೋ ಗೊತ್ತಿಲ್ಲ, ಕಾದ ಹಾಲಿನ ವಾಸನೆ ಮಾತ್ರ ಉಳಿಯಿತು. ಮಾರನೆಯ ದಿನ ಬೇರೆ ತರ ಮಾಡಿದೆ. ಪೊಟ್ಟಣದ ಮೇಲೆ ಬರೆದ ಹಾಗೆ ದೊಡ್ಡ ಲೋಟ ಬಿಸಿನೀರಿಗೆ ಒಂದು ಚಮಚ ಹಾಕಿ, ಮೂರು ನಿಮಿಷ ಬಿಟ್ಟು ಸೋಸಿದೆ. ಬರೀ ಕುಡಿಯಲು ಚೆನ್ನಾಗಿತ್ತು. ಹಾಲು ಹಾಕಿದ ಕೂಡಲೇ ನೀರು ಬೆರೆಸಿದ ಹಾಲಿನ ಹಾಗಾಯಿತು. ಆ ಅಳತೆ ಹಾಲಿಲ್ಲದೆ ಕುಡಿಯುವವರಿಗೆ, ಅಷ್ಟೇ.

ನಾವು ದಿನಾ ಬಳಸುವ ಚಾ ಪುಡಿ ಮಾಡುವ ರೀತಿಯೇ ಬೇರೆ ಅನ್ನುವುದು ನನಗೆ ಆಮೇಲೆ ತಿಳಿಯಿತು. ಗಿಡ ಅದೇ, ಎಲೆ ಅದೇ. ಆದರೆ ನಮ್ಮ ಪುಡಿಯನ್ನು ಯಂತ್ರದಲ್ಲಿ ಕತ್ತರಿಸಿ, ಹರಿದು, ಸುರುಳಿ ಮಾಡಿರುತ್ತಾರೆ. ಸಿಟಿಸಿ ಅಂತಾರಲ್ಲ, ಅದೇ. 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಶುರುವಾದ ಪದ್ಧತಿ. ಕಾಳು ಸಣ್ಣದು, ಎಲ್ಲ ಕಡೆಯಿಂದ ಬಿರಿದಿರುತ್ತದೆ, ಹಾಗಾಗಿ ಹಾಕಿದ ಕೂಡಲೇ ಬಣ್ಣ, ಖಡಕ್ಕು ಎಲ್ಲ ಬಿಟ್ಟುಕೊಡುತ್ತದೆ. ಹಾಲಿನಲ್ಲಿ ಕುದಿಸಿದರೂ ತಡೆದುಕೊಳ್ಳುತ್ತದೆ. ಊಲಾಂಗ್ ಹಾಗಲ್ಲ. ಇಡೀ ಎಲೆಯನ್ನು ಉಂಡೆ ಕಟ್ಟಿರುತ್ತಾರೆ. ಅದು ನಿಧಾನಕ್ಕೆ ಬಿಚ್ಚಿಕೊಳ್ಳಬೇಕು.

ನಮ್ಮ ಕಡೆಯವರಿಗೆ ಇದನ್ನು ಅಡಿಕೆ ಇಟ್ಟು ಹೇಳಿದರೆ ಬೇಗ ಅರ್ಥವಾಗುತ್ತದೆ. ಒಂದೇ ಮರದ ಕಾಯಿ. ಎಳೆಯದನ್ನು ಕೊಯ್ದು, ಸುಲಿದು, ಬೇಯಿಸಿ ಒಣಗಿಸಿದರೆ ಕೆಂಪಡಿಕೆ. ಹಣ್ಣಾಗಲು ಬಿಟ್ಟು, ಸಿಪ್ಪೆ ಸಮೇತ ಬಿಸಿಲಿಗೆ ಹಾಕಿದರೆ ಚಾಲಿ. ಚಾ ಎಲೆಯೂ ಹೀಗೇ. ಕೊಯ್ದ ಕೂಡಲೇ ಬಿಸಿ ತಾಗಿಸಿ ಒಣಗಿಸಿದರೆ ಹಸಿರು ಚಾ. ಜಜ್ಜಿ, ಗಾಳಿ ಆಡಿ ಪೂರ್ತಿ ಕಂದು ಆಗಲು ಬಿಟ್ಟರೆ ಕಪ್ಪು ಚಾ. ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುತ್ತದಲ್ಲ, ಅದೇ ಕೆಲಸ. ಊಲಾಂಗ್ ಈ ಎರಡರ ನಡುವಿನದು. ಎಲೆಯನ್ನು ಬಿಸಿಲಲ್ಲಿ ಬಾಡಿಸಿ, ಮೊರದಂಥ ಬಿದಿರಿನ ತಟ್ಟೆಯಲ್ಲಿ ಮತ್ತೆ ಮತ್ತೆ ಕುಲುಕುತ್ತಾರೆ. ಅಂಚು ನಲುಗಿ ಕೆಂಪಾಗುತ್ತದೆ, ನಡುಭಾಗ ಹಸಿರಾಗೇ ಉಳಿಯುತ್ತದೆ. ಬೇಕಾದ ಹದಕ್ಕೆ ಬಂದಾಗ ಬಿಸಿ ಮಾಡಿ ಅಲ್ಲಿಗೇ ನಿಲ್ಲಿಸುತ್ತಾರೆ. ಚೀನಾದ ಫುಜಿಯಾನ್ ಮತ್ತು ತೈವಾನ್ ಇದಕ್ಕೆ ಹೆಸರಾದ ಜಾಗಗಳು. ಡಾರ್ಜಿಲಿಂಗ್, ನೀಲಗಿರಿಗಳಲ್ಲೂ ಈಗ ಮಾಡುತ್ತಾರೆ.

ದಾರಿ ಸಿಕ್ಕಿದ್ದು ಮೂರನೆಯ ದಿನ ಬೆಳಿಗ್ಗೆ. ಕಾಫಿ ಫಿಲ್ಟರಿಗೆ ಪುಡಿ ಹಾಕಿ ನೀರು ಸುರಿಯುತ್ತಿದ್ದೆ. ಕಾಫಿ ಪುಡಿಯನ್ನು ನಾವು ಯಾವತ್ತೂ ಹಾಲಿನಲ್ಲಿ ಕುದಿಸುವುದಿಲ್ಲ ಅಲ್ವಾ? ಸ್ವಲ್ಪ ನೀರಿನಲ್ಲಿ ದಪ್ಪಗೆ ಡಿಕಾಕ್ಷನ್ ಇಳಿಸಿ, ಬೇರೆ ಕಾಸಿದ ಹಾಲಿಗೆ ಸೇರಿಸುತ್ತೇವೆ. ಊಲಾಂಗಿಗೆ ಬೇಕಾದದ್ದೂ ಇದೇ. ಅದನ್ನು ಚಾ ಅಂತ ಅಂದುಕೊಂಡಿದ್ದಕ್ಕೇ ನನ್ನ ಎರಡು ದಿನ ಹೋಗಿತ್ತು.

ಹಾಗಂತ ಕಾಫಿ ಫಿಲ್ಟರಿನಲ್ಲೇ ಹಾಕಬೇಡಿ. ಕಾಫಿ ವಾಸನೆ ಎಷ್ಟು ತೊಳೆದರೂ ಹೋಗುವುದಿಲ್ಲ. ಎಲೆ ಅರಳಲು ಅದರಲ್ಲಿ ಜಾಗವೂ ಸಾಲುವುದಿಲ್ಲ. ನಾನು ಬಳಸುವುದು ದಪ್ಪ ಗಾಜಿನ ಒಂದು ಲೋಟ ಮತ್ತು ಮುಚ್ಚಲು ಸಣ್ಣ ತಟ್ಟೆ.

ಒಬ್ಬರಿಗೆ ನನ್ನ ಅಳತೆ ಹೀಗೆ. ಊಲಾಂಗ್ 6 ಗ್ರಾಂ, ಅಂದರೆ ಉಂಡೆ ಕಟ್ಟಿದ್ದಾದರೆ ಚಹಾ ಚಮಚದಲ್ಲಿ ಎರಡು. ನೀರು 150 ಮಿಲಿ. ಹಾಲು 80 ಮಿಲಿ. ಎಲೆ ಒಂದಷ್ಟು ನೀರು ಕುಡಿದುಬಿಡುತ್ತದೆ, ಕೊನೆಗೆ ಒಂದು ಲೋಟ ತುಂಬ ಸಿಗುತ್ತದೆ. ಹಾಲಿಲ್ಲದ ಊಲಾಂಗಿಗೆ ಇಷ್ಟೇ ನೀರಿಗೆ ಇದರ ಅರ್ಧ ಎಲೆ ಸಾಕು. ಖಡಕ್ ಆಗಲಿ ಅಂತ ಜಾಸ್ತಿ ಹೊತ್ತು ಬಿಡಬೇಡಿ, ಎಲೆ ಜಾಸ್ತಿ ಹಾಕಿ. ನಾನು ಒಮ್ಮೆ 3 ಗ್ರಾಂ ಹಾಕಿ ಹನ್ನೆರಡು ನಿಮಿಷ ಬಿಟ್ಟಿದ್ದೆ. ನಾಲಿಗೆ ಹಸಿ ಅಡಿಕೆ ಅಗಿದ ಹಾಗೆ ಒಗರಾಗಿ ಅಂಟಿಕೊಂಡಿತು. 6 ಗ್ರಾಂ ಹಾಕಿ ಐದು ನಿಮಿಷಕ್ಕೆ ಸೋಸಿದ್ದು ಅದಕ್ಕಿಂತ ದಪ್ಪಗಿತ್ತು, ಒಗರು ಕಡಿಮೆ ಇತ್ತು.

ನೀರು ಕುದಿದ ಮೇಲೆ ಒಲೆ ಆರಿಸಿ, ಮುಚ್ಚಳ ತೆಗೆದು ಒಂದು ನಿಮಿಷ ಬಿಡುತ್ತೇನೆ. ಶಿರಸಿ ಘಟ್ಟದ ಮೇಲಿರುವುದರಿಂದ ಇಲ್ಲಿ ನೀರು 98 ಡಿಗ್ರಿಗೇ ಕುದಿಯುತ್ತದೆ. ಒಂದು ನಿಮಿಷ ಬಿಟ್ಟರೆ 93-94ಕ್ಕೆ ಇಳಿದಿರುತ್ತದೆ. ಕಾರವಾರ, ಕುಮಟಾ ಕಡೆಯವರು ಇನ್ನೊಂದು ಅರ್ಧ ನಿಮಿಷ ಕಾಯಬಹುದು. ನನ್ನ ತಮ್ಮ ತಂದಂಥ ಹುರಿದ ಊಲಾಂಗಿಗೆ ಇಷ್ಟು ಬಿಸಿ ಬೇಕೇ ಬೇಕು. ತಿಳಿ ಹಸಿರಿನ ಊಲಾಂಗ್ ಆದರೆ 85-90 ಸಾಕು. ಆದರೆ ಅದನ್ನು ಹಾಲಿಗೆ ಹಾಕಲು ನನಗೆ ಮನಸ್ಸಿಲ್ಲ. ಅದರ ಹೂವಿನ ಪರಿಮಳ ಹಾಲಿನಲ್ಲಿ ಮುಳುಗಿಹೋಗುತ್ತದೆ. ಹಾಲಿಗೆ ಅಂತ ಕೊಳ್ಳುವುದಾದರೆ ಚೆನ್ನಾಗಿ ಹುರಿದದ್ದನ್ನೇ ಕೇಳಿ. 'ಮಿಲ್ಕ್ ಊಲಾಂಗ್' ಅಂತ ಒಂದು ಸಿಗುತ್ತದೆ. ಅದರಲ್ಲಿ ಹಾಲು ಇರುವುದಿಲ್ಲ. ಜಿನ್ ಶುವಾನ್ ಅನ್ನುವ ತೈವಾನಿನ ತಳಿಯ ಎಲೆಗೆ ತಾನಾಗೇ ಬೆಣ್ಣೆಯಂಥ ಪರಿಮಳ ಇರುತ್ತದೆ, ಅದಕ್ಕೆ ಆ ಹೆಸರು. ಮೇಲಿನಿಂದ ಫ್ಲೇವರ್ ಹಾಕಿ ಮಾರುವುದೂ ಉಂಟು, ಪೊಟ್ಟಣದ ಹಿಂದೆ ಓದಿ ನೋಡಿ.

ನೀರು ಸುರಿದ ಮೇಲೆ ಒಮ್ಮೆಯಾದರೂ ತಟ್ಟೆ ಸರಿಸಿ ಲೋಟದ ಪಕ್ಕದಿಂದ ನೋಡಬೇಕು. ಮೊದಲ ಅರ್ಧ ನಿಮಿಷ ಏನೂ ಆಗುವುದಿಲ್ಲ. ಉಂಡೆಗಳು ತಳದಲ್ಲಿ ಸುಮ್ನೆ ಕೂತಿರುತ್ತವೆ, ಸುತ್ತ ಸಣ್ಣ ಗುಳ್ಳೆ. ಆಮೇಲೆ ಒಂದು ಅಲುಗುತ್ತದೆ. ತೊಟ್ಟು ಹೊರಗೆ ಚಾಚುತ್ತದೆ, ಮಡಿಕೆ ಬಿಚ್ಚುತ್ತದೆ, ಒಂದು ಎಲೆ, ಅದರ ಪಕ್ಕ ಇನ್ನೊಂದು. ನಾಲ್ಕನೇ ನಿಮಿಷಕ್ಕೆ ತಳದಲ್ಲಿದ್ದ ಎರಡು ಚಮಚ ಕಾಳು ಮುಕ್ಕಾಲು ಲೋಟ ಎಲೆಯಾಗಿರುತ್ತದೆ. ಸೋಸಿದ ಮೇಲೆ ಒಂದು ಎಲೆ ತೆಗೆದು ಬೆರಳಲ್ಲಿ ಬಿಡಿಸಿ ಬೆಳಕಿಗೆ ಹಿಡಿದೆ. ಹಲ್ಲು ಹಲ್ಲಾದ ಅಂಚು, ಅಂಚಿಗೆ ಕಂದುಗೆಂಪು ಗೆರೆ, ನಡುವೆ ಕಡು ಹಸಿರು. ಎಲ್ಲೋ ದೂರದಲ್ಲಿ ಮೊರ ಕುಲುಕಿದವರ ಕೈ ಕೆಲಸ ಆ ಗೆರೆಯಲ್ಲಿ ಹಾಗೇ ಕಾಣುತ್ತಿತ್ತು. ಅತ್ತೆಯನ್ನು ಕರೆದು ತೋರಿಸಿದೆ. ಅವರೂ ಕನ್ನಡಕ ಹಾಕಿಕೊಂಡು ನೋಡಿದರು.

ಸೋಸುವಾಗ ಎಲೆಯನ್ನು ಚಮಚದಿಂದ ಒತ್ತಿ ಹಿಂಡಬೇಡಿ. ಕಷಾಯದ ರೂಢಿಯಿಂದ ಕೈ ಹಾಗೇ ಹೋಗುತ್ತದೆ. ಹಿಂಡಿದರೆ ಬರುವುದು ಒಗರು ಮಾತ್ರ.

ಹಾಲಿನ ವಿಷಯದಲ್ಲಿ ನಾನು ತುಂಬ ದಿನ ಒದ್ದಾಡಿದೆ. ನಮ್ಮ ಎಮ್ಮೆ ಹಾಲು ದಪ್ಪ. ಅದಕ್ಕೆ ಊಲಾಂಗ್ ಬೆರೆಸಿದರೆ ಬಾಯಿಗೆ ಬರುವುದು ಕೆನೆಯೊಂದೇ. ದನದ ಹಾಲು ಸರಿಹೋಗುತ್ತದೆ. ನಂದಿನಿ ನೀಲಿ ಪ್ಯಾಕೆಟ್ಟೂ ಆಗುತ್ತದೆ, ಆದರೆ ಸ್ವಲ್ಪ ತೆಳು. ಅದನ್ನು ಬಳಸುವ ದಿನ ಅರ್ಧ ಚಮಚ ಹಾಲಿನ ಪುಡಿ ಕದಡುತ್ತೇನೆ. ಎಮ್ಮೆ ಹಾಲು ಒಂದೇ ಇದ್ದರೆ ಕೆನೆ ತೆಗೆದು, 80ರ ಬದಲು 60 ಮಿಲಿ ಹಾಕಿ. ಮನೆಯಲ್ಲಿ ಕರೆದ ಹಾಲನ್ನು ಮೊದಲು ಒಮ್ಮೆ ಕುದಿಸಿ ಇಡಲೇಬೇಕು. ಚಾಕ್ಕೆ ಬೇಕಾದಾಗ ಅದನ್ನು ಹಬೆ ಏಳುವಷ್ಟು ಮಾತ್ರ ಬಿಸಿ ಮಾಡಿ, ಮತ್ತೆ ಉಕ್ಕಿಸಬೇಡಿ. ಎರಡು ಮೂರು ಸಲ ಕುದಿದ ಹಾಲಿಗೆ ಒಂದು ಬೆಂದ ವಾಸನೆ ಬರುತ್ತದೆ. ನಮ್ಮ ದಿನದ ಚಾದಲ್ಲಿ ಅದು ಗೊತ್ತಾಗುವುದಿಲ್ಲ, ಊಲಾಂಗಿನಲ್ಲಿ ಎದ್ದು ಕಾಣುತ್ತದೆ. ಹಾಲಿನ ಪ್ರೋಟೀನು ಚಾದ ಒಗರನ್ನು ಹಿಡಿದುಕೊಳ್ಳುತ್ತದೆ. ಹಾಗಾಗಿ ಬರೀ ಕುಡಿದಾಗ ತುಸು ಒಗರು ಅನ್ನಿಸುವ ಡಿಕಾಕ್ಷನ್ ಹಾಲು ಬಿದ್ದ ಮೇಲೆ ಸರಿಯಾಗುತ್ತದೆ. ಡಿಕಾಕ್ಷನ್ ರುಚಿ ನೋಡಿ ಹೆದರಿ ನೀರು ಸೇರಿಸಬೇಡಿ.

ಸಿಹಿಗೆ ಸಕ್ಕರೆ ಸಾಕು. ಆದರೆ ಮನೆಯಲ್ಲಿ ಜೋನಿ ಬೆಲ್ಲ, ಅಂದರೆ ಅಚ್ಚು ಕಟ್ಟದ ನೀರು ಬೆಲ್ಲ, ಇದ್ದಾಗ ಅದನ್ನು ಬಿಟ್ಟು ಸಕ್ಕರೆ ಹಾಕಲು ಯಾರಿಗೆ ಮನಸ್ಸು ಬರುತ್ತದೆ? ಹುರಿದ ಊಲಾಂಗಿನ ಸುಟ್ಟ ಪರಿಮಳಕ್ಕೂ ಆಲೆಮನೆ ಬೆಲ್ಲಕ್ಕೂ ಏನೋ ಹಳೆಯ ನಂಟು ಇದ್ದ ಹಾಗಿದೆ. ಮೊದಲ ಸಲ ಬೆಲ್ಲವನ್ನು ಒಲೆಯ ಮೇಲಿದ್ದ ಹಾಲಿಗೇ ಹಾಕಿದೆ, ಒಡೆದುಹೋಯಿತು. ಬೆಲ್ಲದಲ್ಲಿ ಹುಳಿ ಅಂಶ ಇರುತ್ತದೆ, ಕುದಿಯುವ ಹಾಲಿಗೆ ಅದು ಆಗುವುದಿಲ್ಲ. ಈಗ ಸೋಸಿದ ಡಿಕಾಕ್ಷನ್ನಿಗೆ ಒಂದೂವರೆ ಚಮಚ ಜೋನಿ ಬೆಲ್ಲ ಕಲಸಿ, ಎರಡು ನಿಮಿಷ ಬಿಟ್ಟು, ಆಮೇಲೆ ಒಲೆಯಿಂದ ಇಳಿಸಿದ ಹಾಲು ಸೇರಿಸುತ್ತೇನೆ. ಹೊಸ ಬೆಲ್ಲದಲ್ಲಿ ಒಮ್ಮೆಯೂ ಒಡೆದಿಲ್ಲ. ಹಳೆಯದಾಗಿ ಹುಳಿ ಬಂದ ಬೆಲ್ಲವನ್ನು ಮಾತ್ರ ಹಾಕಬೇಡಿ. ಏಲಕ್ಕಿ, ಶುಂಠಿ ಯಾವುದೂ ಬೇಡ.

ಬೆಲ್ಲ ಹಾಕಿ ಮಾಡಿದ ಮೊದಲ ಲೋಟ ಅತ್ತೆಗೆ ಕೊಟ್ಟೆ. ಎರಡು ಗುಟುಕು ಕುಡಿದು, ಸ್ವಲ್ಪ ಹೊತ್ತು ಬಿಟ್ಟು, "ಅಡ್ಡಿಲ್ಲೆ" ಅಂದರು. ನಮ್ಮ ಮನೆಯಲ್ಲಿ ಅದು ದೊಡ್ಡ ಮಾತು.

ಆ ವರ್ಷದ ಮಳೆಗಾಲದಲ್ಲಿ ಅರ್ಧ ಪೊಟ್ಟಣ ಹಾಳು ಮಾಡಿಕೊಂಡೆ. ಅದನ್ನು ಸಾಂಬಾರ ಪುಡಿ ಡಬ್ಬಿಯ ಪಕ್ಕ ಕ್ಲಿಪ್ ಹಾಕಿ ಇಟ್ಟಿದ್ದೆ. ಆಷಾಢದಲ್ಲಿ ತೆಗೆದರೆ ಉಂಡೆಗಳು ಮೆತ್ತಗಾಗಿದ್ದವು, ಮೂಸಿದರೆ ಕೊತ್ತಂಬರಿ, ಇಂಗು. ಚಾ ಎಲೆ ಸುತ್ತಲಿನ ತೇವವನ್ನೂ ವಾಸನೆಯನ್ನೂ ಎಳೆದುಕೊಳ್ಳುತ್ತದೆ. ಇಂಗಿನ ವಾಸನೆ ಹಿಡಿದದ್ದಕ್ಕೆ ಮದ್ದಿಲ್ಲ, ಅದನ್ನು ಗಿಡದ ಬುಡಕ್ಕೆ ಹಾಕಿದೆ. ಬರೀ ತೇವ ಆಗಿದ್ದರೆ ಉಳಿಸಿಕೊಳ್ಳಬಹುದು. ದಪ್ಪ ತಳದ ಬಾಣಲೆಯನ್ನು ಚೆನ್ನಾಗಿ ತೊಳೆದು ಒಣಗಿಸಿ, ಒಗ್ಗರಣೆಯ ಜಿಡ್ಡು ಇರಬಾರದು, ತೀರ ಸಣ್ಣ ಉರಿಯಲ್ಲಿ ಉಂಡೆಗಳನ್ನು ಒಂದೇ ಪದರಕ್ಕೆ ಹರಡಿ ಕೈಯಾಡಿಸುತ್ತಿರಿ. ಎಂಟು ಹತ್ತು ನಿಮಿಷಕ್ಕೆ ಹುರಿದ ಅಕ್ಕಿಯಂಥ ಪರಿಮಳ ಬರುತ್ತದೆ. ಹೊಗೆ ಕಂಡರೆ ಕೆಟ್ಟಿತು ಅಂತಲೇ. ತಣಿದ ಮೇಲೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ತುಂಬಿ. ನಾನೀಗ 50 ಗ್ರಾಮಿಗಿಂತ ಜಾಸ್ತಿ ತರಿಸುವುದಿಲ್ಲ. ಡಬ್ಬಿ ಇರುವುದು ಅಡುಗೆಮನೆಯಲ್ಲಲ್ಲ, ಬಟ್ಟೆಯ ಕಪಾಟಿನ ಮೇಲೆ.

ಅಂಗಡಿಯಲ್ಲಿ ಕೊಡುವ ಹಾಗೆ ಕೆಳಗೆ ಕಪ್ಪು ಮುತ್ತು ಬೇಕು ಅಂತ ಮಗಳ ಹಟ. 1980ರ ದಶಕದಲ್ಲಿ ತೈವಾನಿನಲ್ಲಿ ಶುರುವಾದ ಆ ಚಾದ ಮುತ್ತು ಮರಗೆಣಸಿನ ಹಿಟ್ಟಿನದು. ನಮ್ಮ ಸಬ್ಬಕ್ಕಿಯೂ ಅದರದ್ದೇ. ದೊಡ್ಡ ಕಾಳಿನ ಸಬ್ಬಕ್ಕಿ ಬೇಯಿಸಿ, ತಣ್ಣೀರಲ್ಲಿ ಜಾಲಿಸಿ, ಜೋನಿ ಬೆಲ್ಲದಲ್ಲಿ ಅರ್ಧ ಗಂಟೆ ಬಿಟ್ಟು ಹಾಕಿಕೊಡುತ್ತೇನೆ. ಅಂಗಡಿಯದರಷ್ಟು ಅಗಿಯಲು ಸಿಗುವುದಿಲ್ಲ, ಅವಳಿಗೆ ಅಷ್ಟು ಸಾಕು.

ಸೋಸಿದ ಎಲೆಯನ್ನು ಚೆಲ್ಲಬೇಡಿ. ಅದರಲ್ಲಿ ಇನ್ನೊಂದು ಸಲಕ್ಕೆ ಆಗುವಷ್ಟು ಸತ್ವ ಇರುತ್ತದೆ. ಎರಡನೇ ಸಲ ನೀರು ಹಾಕಿ ಏಳು ನಿಮಿಷ ಬಿಟ್ಟು ಇಳಿಸಿದ್ದಕ್ಕೆ ಹಾಲು ತಡೆಯುವುದಿಲ್ಲ, ಹಾಗೇ ಕುಡಿಯಬೇಕು. ಮಾವ ಅದನ್ನೇ ಇಷ್ಟಪಡುತ್ತಾರೆ. ಅಡಿಕೆ ಆರಿಸಲು ಕೂರುವಾಗ ಪಕ್ಕದಲ್ಲಿ ಒಂದು ಲೋಟ ಇಟ್ಟುಕೊಳ್ಳುತ್ತಾರೆ.

ಏಪ್ರಿಲ್ ಮೇ ತಿಂಗಳಲ್ಲಿ ಊಲಾಂಗ್ ಇಳಿಸಲು ಒಲೆಯನ್ನೇ ಹೊತ್ತಿಸುವುದಿಲ್ಲ. ರಾತ್ರಿ ಮಲಗುವ ಮೊದಲು ಅರ್ಧ ಲೀಟರ್ ಕುಡಿಯುವ ನೀರಿಗೆ 12 ಗ್ರಾಂ ಊಲಾಂಗ್ ಹಾಕಿ ಫ್ರಿಜ್ಜಿನಲ್ಲಿ ಇಡುತ್ತೇನೆ. ಬೆಳಿಗ್ಗೆ ಸೋಸುತ್ತೇನೆ. ತಣ್ಣೀರಿನಲ್ಲಿ ಒಗರು ಅಷ್ಟಾಗಿ ಬಿಡುವುದಿಲ್ಲ, ಪರಿಮಳ ಬಿಡುತ್ತದೆ. ಮೂರು ಪಾಲು ಇದು, ಒಂದು ಪಾಲು ಕುದಿಸಿ ತಣಿಸಿದ ಹಾಲು, ಬೆಲ್ಲ. ಐಸ್ ಹಾಕಬೇಡಿ, ಕರಗಿ ತೆಳುವಾಗುತ್ತದೆ. ಹಾಲು ಸೇರಿಸಿದ್ದನ್ನು ಅವತ್ತೇ ಮುಗಿಸಿ. ಬರೀ ಡಿಕಾಕ್ಷನ್ ಮಾರನೆಯ ದಿನದವರೆಗೆ ಫ್ರಿಜ್ಜಿನಲ್ಲಿ ಚೆನ್ನಾಗಿರುತ್ತದೆ.