ಕಾರಿನ ಹಿಂದೆ ಟ್ರೈಲರ್, ಟ್ರೈಲರಿನ ಮೇಲೆ ಬೈಕ್: ನನ್ನ ಅನುಭವ

ಓಡಿಸಲಿಕ್ಕೆ ಇರುವ ಬೈಕನ್ನು ಇನ್ನೊಂದು ಗಾಡಿಯ ಮೇಲೆ ಹೇರಿಕೊಂಡು ಹೋಗುವುದು ಎಂತಕ್ಕೆ ಅಂತ ಪೆರ್ಲದಲ್ಲಿ ನನ್ನನ್ನು ಕೇಳಿದವರು ಬಹಳ ಜನ. ಕೇಳುವುದರಲ್ಲಿ ತಪ್ಪಿಲ್ಲ. ನಮ್ಮ ಕಾಸರಗೋಡು ಕಡೆ ಬೈಕ್ ಕೆಟ್ಟು ನಿಂತಾಗ ಮಾತ್ರ ಪಿಕಪ್ ನೆನಪಾಗುತ್ತದೆ. ದೂರದ ಊರಿಗೆ ಕಳಿಸಬೇಕಾದರೆ ರೈಲಿನ ಪಾರ್ಸೆಲ್ ಇದೆ. ಟ್ಯಾಂಕಿನ ಪೆಟ್ರೋಲ್ ಖಾಲಿ ಮಾಡಿ, ಗೋಣಿ ಸುತ್ತಿ, ಆರ್‌ಸಿ ಪ್ರತಿ ಕೊಟ್ಟರೆ ನಮ್ಮ ಕೆಲಸ ಮುಗೀತು. ಕಾರಿಗೆ ಟ್ರೈಲರ್ ಸಿಕ್ಕಿಸಿಕೊಂಡು ಹೋಗುವ ರೂಢಿ ನಮ್ಮಲ್ಲಿ ಇಲ್ಲ ಅಂತಲೇ ಹೇಳಬೇಕು.

ನಾನಿರುವುದು ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರ. ಅಲ್ಲಿ ಟ್ರೈಲರ್ ಅಂದರೆ ಮನೆಬಳಕೆಯ ಸಾಮಾನು. ಕಟ್ಟಿಗೆ, ಹಳೆ ಸೋಫಾ, ಹಿತ್ತಿಲಿನ ಕಸ, ಎಲ್ಲವೂ ಅದರಲ್ಲೇ ಹೋಗುತ್ತದೆ. ಈಗ ಬದಿಯಡ್ಕ, ಕುಂಬಳೆ, ಮುಳ್ಳೇರಿಯ ಕಡೆಯ ಮಕ್ಕಳೂ ಓದಲಿಕ್ಕೆ ಅಂತ ಜರ್ಮನಿಗೆ ಬರುತ್ತಿದ್ದಾರೆ. ಬಂದು ನೆಲೆ ನಿಂತ ಮೇಲೆ ಕೆಲವರಿಗೆ ಬೈಕಿನ ಆಸೆ ಹುಟ್ಟುತ್ತದೆ. ಅಂಥವರಿಗೆ ಇದು ಉಪಯೋಗಕ್ಕೆ ಬಂದೀತು.

ನನಗೆ ಟ್ರೈಲರ್ ಬೇಕಾದದ್ದು ಹೀಗೆ. ಚಳಿಗಾಲದಲ್ಲಿ ಅಲ್ಲಿ ಸೆಕೆಂಡ್ ಹ್ಯಾಂಡ್ ಬೈಕಿನ ರೇಟು ಇಳಿಯುತ್ತದೆ. ನವೆಂಬರಿನಲ್ಲಿ ಉಲ್ಮ್ ಪಕ್ಕದ ಒಂದು ಹಳ್ಳಿಯಲ್ಲಿ ಇಂಟರ್‌ಸೆಪ್ಟರ್ 650 ಕಣ್ಣಿಗೆ ಬಿತ್ತು. ಚೆನ್ನೈ ಹತ್ತಿರ ತಯಾರಾದ ರಾಯಲ್ ಎನ್‌ಫೀಲ್ಡನ್ನು ಜರ್ಮನಿಯ ಹಳ್ಳಿಯಲ್ಲಿ ಹುಡುಕಿಕೊಂಡು ಹೋಗುವುದು ನಗುವ ವಿಷಯವೇ. ಇರಲಿ. ಬೈಕ್ ಚೆನ್ನಾಗಿತ್ತು, ಆದರೆ ಅದರ ನಂಬರ್ ಪ್ಲೇಟಿನ ಬಲಬದಿಯಲ್ಲಿ ಮೇಲೊಂದು ಕೆಳಗೊಂದು ಸಣ್ಣ ಅಂಕಿ ಇತ್ತು: ಮೇಲೆ 04, ಕೆಳಗೆ 10. ಏಪ್ರಿಲಿನಿಂದ ಅಕ್ಟೋಬರ್‌ವರೆಗೆ ಮಾತ್ರ ಆ ಬೈಕಿಗೆ ರಸ್ತೆಯಲ್ಲಿ ಓಡುವ ಹಕ್ಕು. ಉಳಿದ ತಿಂಗಳು ಓಡಿಸುವುದು ಬಿಡಿ, ಸಾರ್ವಜನಿಕ ರಸ್ತೆಯ ಬದಿಗೆ ನಿಲ್ಲಿಸಿಡುವಂತೆಯೂ ಇಲ್ಲ. ತೆರಿಗೆ, ವಿಮೆ ಎರಡೂ ಕಮ್ಮಿ ಆಗುತ್ತದೆ ಅಂತ ತುಂಬಾ ಜನ ಇಂಥ ಪ್ಲೇಟ್ ತಗೊಳ್ಳುತ್ತಾರೆ. 5 ದಿನಕ್ಕೆ ನಡೆಯುವ ತಾತ್ಕಾಲಿಕ ಪ್ಲೇಟ್ ಮಾಡಿಸಬಹುದು. ಆದರೆ ಅದಕ್ಕೆ ಕಚೇರಿ ಸುತ್ತಬೇಕು, ಬೇರೆ ವಿಮೆ ಮಾಡಬೇಕು. ಅದೆಲ್ಲ ಮುಗಿಸಿ ಸೊನ್ನೆ ಡಿಗ್ರಿ ಚಳಿಯಲ್ಲಿ ಹೆದ್ದಾರಿ ಹಿಡಿಯಬೇಕು. ಬೇಡ ಅನ್ನಿಸಿತು.

ಕಾರು ನನ್ನದಲ್ಲ. ನಾನು ಅಣ್ಣ ಅಂತಲೇ ಕರೆಯುವ ಮಂಜೇಶ್ವರದವರು ಒಬ್ಬರು ಅಲ್ಲೇ ಹತ್ತಿರ ಇದ್ದಾರೆ. ಅವರ ಕಾರಿಗೆ ಹಿಂದೆ ಟ್ರೈಲರ್ ಸಿಕ್ಕಿಸುವ ಕೊಕ್ಕೆ ಇದೆ. ಕೊಕ್ಕೆ ಅಂದರೆ ತುದಿಯಲ್ಲಿ ಲಿಂಬೆಹಣ್ಣಿನಷ್ಟು ದೊಡ್ಡ ಉಕ್ಕಿನ ಗುಂಡು ಇರುವ ಒಂದು ಬಾಗಿದ ಕಂಬಿ. ಟ್ರೈಲರಿನ ಮೂತಿ ಆ ಗುಂಡಿನ ಮೇಲೆ ಕೂತು ಟಕ್ ಅಂತ ಲಾಕ್ ಆಗಬೇಕು. ಲಾಕ್ ಆಯಿತಾ ಅಂತ ಕಣ್ಣಲ್ಲಿ ನೋಡಿದರೆ ಸಾಲದು. ಮೂತಿಯನ್ನು ಕೈಯಲ್ಲಿ ಹಿಡಿದು ಬಲವಾಗಿ ಮೇಲಕ್ಕೆ ಎತ್ತಿ ನೋಡಬೇಕು. ಕಾರಿನ ಹಿಂಭಾಗವೇ ಎದ್ದು ಬಂದರೆ ಸರಿ.

ಕಾಗದಪತ್ರದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಜರ್ಮನಿಯಲ್ಲಿ ವಾಸ ಶುರು ಮಾಡಿದ ಮೇಲೆ ನಮ್ಮ ಭಾರತದ ಲೈಸೆನ್ಸ್ ನಡೆಯುವುದು 6 ತಿಂಗಳು. ಆಮೇಲೆ ಥಿಯರಿ, ಪ್ರಾಕ್ಟಿಕಲ್ ಎರಡೂ ಪಾಸಾಗಿ ಅಲ್ಲಿನದ್ದೇ ತಗೊಳ್ಳಬೇಕು. ಕಾರಿನ ಲೈಸೆನ್ಸ್ ಅಂದರೆ ಬಿ ದರ್ಜೆ. ಅದಿದ್ದರೆ ಒಟ್ಟು 750 ಕಿಲೋವರೆಗಿನ ಟ್ರೈಲರ್ ಎಳೆಯಬಹುದು. ಅದಕ್ಕಿಂತ ದೊಡ್ಡದಾದರೆ ಕಾರು, ಟ್ರೈಲರ್ ಎರಡರ ಅನುಮತಿಯ ತೂಕ ಸೇರಿ 3500 ಕಿಲೋ ಮೀರಬಾರದು. ಕಾರು ಎಷ್ಟು ಎಳೆಯಬಹುದು ಅಂತ ಅದರ ರಿಜಿಸ್ಟ್ರೇಷನ್ ಕಾಗದದಲ್ಲೇ ಬರೆದಿರುತ್ತದೆ. ಬ್ರೇಕ್ ಇರುವ ಟ್ರೈಲರಿಗೆ ಒಂದು ಅಂಕಿ, ಇಲ್ಲದ್ದಕ್ಕೆ ಇನ್ನೊಂದು. ಒಂದು ಬೈಕಿನ ಟ್ರೈಲರಿಗೆ ಹೆಚ್ಚಾಗಿ ಬ್ರೇಕ್ ಇರುವುದಿಲ್ಲ. ಹಾಗಾಗಿ ನೋಡಬೇಕಾದದ್ದು ಎರಡನೆಯ ಅಂಕಿ.

ಟ್ರೈಲರನ್ನು ಬಾಡಿಗೆಗೆ ತಗೊಳ್ಳುವುದೇ ವಾಸಿ. ಸ್ವಂತ ಬೇಕು ಅನ್ನುವವರು ಅದನ್ನು ನಿಲ್ಲಿಸುವುದು ಎಲ್ಲಿ ಅಂತ ಮೊದಲು ಯೋಚಿಸಲಿ. ಮನೆ ಕಟ್ಟುವ ಸಾಮಾನು ಮಾರುವ ದೊಡ್ಡ ಅಂಗಡಿಗಳಲ್ಲಿ ದಿನದ ಬಾಡಿಗೆಗೆ ಸಿಗುತ್ತದೆ. ನನಗೆ 35 ಯೂರೋಗೆ ಸಿಕ್ಕಿತು. ತರುವಾಗ ಮೂರು ವಿಷಯ ನೋಡಿದೆ. ಒಂದು, ಲೈಟಿನ ಪ್ಲಗ್. ಕೆಲವದರಲ್ಲಿ 7 ಪಿನ್, ಕೆಲವದರಲ್ಲಿ 13. ಕಾರಿನದ್ದೂ ಟ್ರೈಲರಿನದ್ದೂ ಹೊಂದದಿದ್ದರೆ ಅಡಾಪ್ಟರ್ ಬೇಕು. ಎರಡು, ಟಯರಿನ ವಯಸ್ಸು. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. 2319 ಅಂತ ಇದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು ಅಂತ ಲೆಕ್ಕ. ಟ್ರೈಲರ್ ಓಡುವುದಕ್ಕಿಂತ ನಿಲ್ಲುವುದೇ ಜಾಸ್ತಿ, ಅದರ ಟಯರ್ ಸವೆಯುವ ಮೊದಲೇ ಬಿರುಕು ಬಿಡುತ್ತದೆ. ಮೂರು, ಮುಂದಿನ ಚಕ್ರ ಸಿಕ್ಕಿಸುವ ಕಬ್ಬಿಣದ ಚೌಕಟ್ಟು ನಮ್ಮ ಬೈಕಿನ ಟಯರಿನ ಅಗಲಕ್ಕೆ ಹೊಂದುತ್ತದಾ ಅಂತ.

ಇನ್ನು ನಿಜವಾದ ಕೆಲಸ. ಇಡೀ ವ್ಯವಹಾರದಲ್ಲಿ ತಲೆ ಓಡಿಸಬೇಕಾದದ್ದು ಎರಡೇ ಕಡೆ: ಭಾರ ಎಲ್ಲಿ ಕೂರಬೇಕು, ಬೆಲ್ಟ್ ಎಲ್ಲಿಗೆ ಕಟ್ಟಬೇಕು.

ಟ್ರೈಲರಿನ ಭಾರ ಅದರ ಚಕ್ರಕ್ಕಿಂತ ಸ್ವಲ್ಪ ಮುಂದೆ ಇರಬೇಕು. ಅಂದರೆ ಕಾರಿನ ಗುಂಡಿನ ಮೇಲೆ ಒಂದಿಷ್ಟು ಭಾರ ಬೀಳಬೇಕು. ಕನಿಷ್ಠ ಟ್ರೈಲರಿನ ಒಟ್ಟು ತೂಕದ ನೂರಕ್ಕೆ 4ರಷ್ಟು ಅಂತ ಅಲ್ಲಿನ ನಿಯಮ. ಗರಿಷ್ಠ ಎಷ್ಟು ಅಂತ ಕೊಕ್ಕೆಯ ಮೇಲೂ ಟ್ರೈಲರಿನ ಮೇಲೂ ತಗಡಿನಲ್ಲಿ ಒತ್ತಿರುತ್ತದೆ. ಎರಡರಲ್ಲಿ ಯಾವುದು ಸಣ್ಣದೋ ಅದನ್ನು ಹಿಡಿಯಬೇಕು. ಅಳೆಯಲಿಕ್ಕೆ ನಾವು ಬಚ್ಚಲುಮನೆಯಲ್ಲಿ ಇಟ್ಟುಕೊಳ್ಳುವ ತೂಕದ ಯಂತ್ರ ಬಳಸಿದೆವು. ಬೈಕ್ ಹೇರಿದ ಮೇಲೆ ಮೂತಿಯ ಕೆಳಗೆ ಗಟ್ಟಿ ಮರದ ತುಂಡು, ಅದರ ಕೆಳಗೆ ಯಂತ್ರ. ಬೈಕನ್ನು ನಾಲ್ಕು ಬೆರಳು ಹಿಂದೆ ಮುಂದೆ ಮಾಡಿದರೆ ಮುಳ್ಳು ಹೇಗೆ ಓಡಾಡುತ್ತದೆ ಅಂತ ನೋಡಬೇಕು! ಭಾರ ಹಿಂದೆ ಜಾಸ್ತಿಯಾದರೆ ಟ್ರೈಲರ್ ವೇಗದಲ್ಲಿ ಬಾಲ ಅಲ್ಲಾಡಿಸಲಿಕ್ಕೆ ಶುರು ಮಾಡುತ್ತದೆ. ಒಮ್ಮೆ ಶುರುವಾದರೆ ಕಾರನ್ನೇ ಎಳೆದಾಡುತ್ತದೆ. ಹಾಗೇನಾದರೂ ಆದರೆ ಸ್ಟಿಯರಿಂಗ್ ನೇರ ಹಿಡಿದು ಆಕ್ಸಿಲರೇಟರ್ ಬಿಡಬೇಕು, ವೇಗ ಇಳಿಸಬೇಕು. ಜೋರು ಹೋಗಿ ಸರಿಮಾಡುತ್ತೇನೆ ಅಂತ ಹೊರಟರೆ ಮುಗೀತು.

ಬೈಕ್ ಹತ್ತಿಸುವಾಗ ಯಾರೂ ಅದರ ಮೇಲೆ ಕೂತು ಹತ್ತಿಸಬೇಡಿ. ಹಲಗೆ ಸಪೂರ, ಮಳೆ ಬಿದ್ದರೆ ಜಾರುತ್ತದೆ. ಇಂಟರ್‌ಸೆಪ್ಟರ್ 200 ಕಿಲೋ ಮೀರುವ ಬೈಕು. ಮೇಲೆ ತಲುಪಿದಾಗ ಕಾಲಿಡಲಿಕ್ಕೆ ನೆಲ ಸಿಗುವುದಿಲ್ಲ. ನಾನು ಎಡಬದಿಯಲ್ಲಿ ನಡೆದುಕೊಂಡು ಹ್ಯಾಂಡಲ್ ಹಿಡಿದೆ, ಬೆರಳು ಮುಂದಿನ ಬ್ರೇಕಿನ ಮೇಲೆ. ಅಣ್ಣ ಹಿಂದಿನಿಂದ ದೂಡಿದರು. ನನಗೆ ಟ್ರೈಲರ್ ಹತ್ತಲಿಕ್ಕೆ ಒಂದು ಬಿಯರ್ ಕ್ರೇಟನ್ನು ಮಗುಚಿ ಇಟ್ಟುಕೊಂಡಿದ್ದೆವು. ಇದು ಸಣ್ಣ ವಿಷಯ ಅಂತ ಕಾಣುತ್ತದೆ. ಆದರೆ ಬೈಕ್ ಮೇಲೆ ಹೋಗಿ, ಹಿಡಿದವನು ಕೆಳಗೇ ಉಳಿದರೆ ಅದು ಅವನ ಮೈಮೇಲೆಯೇ ಬರುತ್ತದೆ. ಅದಕ್ಕೇ ಆ ಕ್ರೇಟ್.

ಈಗ ಬೆಲ್ಟ್. ಸೈಡ್ ಸ್ಟ್ಯಾಂಡ್ ಹಾಕಿ ಕಟ್ಟಬಾರದು. ಸ್ಟ್ಯಾಂಡ್ ಮಡಚಿ, ಬೈಕ್ ನೆಟ್ಟಗೆ ನಿಲ್ಲಬೇಕು. ಅದನ್ನು ನಿಲ್ಲಿಸುವುದು ಅದರದ್ದೇ ಶಾಕ್‌ಗಳ ಸ್ಪ್ರಿಂಗ್. ನಾಲ್ಕು ರ‍್ಯಾಚೆಟ್ ಬೆಲ್ಟ್ ಬೇಕು, ಅಂದರೆ ಹಿಡಿ ಆಡಿಸಿದ ಹಾಗೆ ಒಂದೊಂದೇ ಹಲ್ಲು ಬಿಗಿಯುವ ಪಟ್ಟಿ: ಮುಂದೆ ಎರಡು, ಹಿಂದೆ ಎರಡು. ಮುಂದಿನ ಬೆಲ್ಟನ್ನು ಹ್ಯಾಂಡಲಿನ ತುದಿಗೆ ಕಟ್ಟುವವರೇ ಜಾಸ್ತಿ. ಅಲ್ಲಿ ಕಟ್ಟಿದರೆ ಹ್ಯಾಂಡಲ್ ಬಾಗುತ್ತದೆ, ಕ್ಲಚ್ ಕೇಬಲ್ ಒತ್ತಿಹೋಗುತ್ತದೆ. ಹೆಡ್‌ಲೈಟಿನ ಕೆಳಗೆ ಕೈ ಹಾಕಿ ನೋಡಿ. ಫೋರ್ಕಿನ (ಮುಂದಿನ ಚಕ್ರವನ್ನು ಹಿಡಿದಿರುವ ಶಾಕಿನ) ಎರಡೂ ಕೊಳವೆಗಳನ್ನು ಸೇರಿಸಿ ಹಿಡಿಯುವ ದಪ್ಪ ಲೋಹದ ಕಟ್ಟು ಸಿಗುತ್ತದೆ. ಅದರ ಸುತ್ತ ಮೆತ್ತನೆಯ ಬಟ್ಟೆಯ ಕುಣಿಕೆ ಹಾಕಿ, ಕುಣಿಕೆಗೆ ಬೆಲ್ಟಿನ ಕೊಕ್ಕೆ ಸಿಕ್ಕಿಸಬೇಕು. ಲೋಹಕ್ಕೆ ಲೋಹ ತಾಗಬಾರದು. ಬ್ರೇಕಿನ ಪೈಪು, ವಯರು ಮಧ್ಯೆ ಸಿಕ್ಕಿಕೊಂಡಿಲ್ಲ ಅಂತ ಬೆರಳಾಡಿಸಿ ನೋಡಿಕೊಳ್ಳಬೇಕು.

ಬೆಲ್ಟ್ ಎರಡೂ ಕಡೆಯಿಂದ ಮುಂದಕ್ಕೆ, ಹೊರಕ್ಕೆ, ಕೆಳಕ್ಕೆ ಎಳೆಯಬೇಕು. ಒಂದು ಬದಿ ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋಗುವುದಲ್ಲ. ಎಡಕ್ಕೆ ಎರಡು ಹಲ್ಲು, ಬಲಕ್ಕೆ ಎರಡು ಹಲ್ಲು, ಹೀಗೆ. ಫೋರ್ಕ್ ಕುಸಿಯುತ್ತಾ ಬರುವುದು ಕಾಣುತ್ತದೆ. ಅದರ ಓಡಾಟದ ಮೂರರಲ್ಲಿ ಒಂದು ಪಾಲು, ಹೆಚ್ಚೆಂದರೆ ಅರ್ಧ ಕುಸಿದರೆ ಸಾಕು. ತಳ ಮುಟ್ಟುವವರೆಗೆ ಬಿಗಿದರೆ ಫೋರ್ಕಿನ ಆಯಿಲ್ ಸೀಲ್ ಹೋಗಬಹುದು. ಸಡಿಲ ಬಿಟ್ಟರೆ ಮೊದಲ ಗುಂಡಿಗೇ ಫೋರ್ಕ್ ಒಮ್ಮೆ ಕುಸಿಯುತ್ತದೆ, ಆ ಕ್ಷಣಕ್ಕೆ ಬೆಲ್ಟ್ ಜೋತು ಕೊಕ್ಕೆ ಕಳಚಿಕೊಳ್ಳುತ್ತದೆ. ಹಿಂದಿನ ಎರಡು ಬೆಲ್ಟ್ ಚಾಸಿಸ್ಸಿಗೆ, ಹಿಂದಕ್ಕೆ ಮತ್ತು ಹೊರಕ್ಕೆ. ಅವು ಬೈಕನ್ನು ಹಿಂಬದಿಯಲ್ಲಿ ಆಚೀಚೆ ಸರಿಯದಂತೆ ಹಿಡಿಯಲಿಕ್ಕೆ ಮಾತ್ರ, ಅಷ್ಟು ಬಿಗಿ ಬೇಡ. ಗಾಡಿ ಒಂದನೇ ಗೇರಿನಲ್ಲಿ ಇರಲಿ. ಬೆಲ್ಟಿನ ಉಳಿದ ತುದಿ ಸುತ್ತಿ ಕಟ್ಟಿ, ಇಲ್ಲದಿದ್ದರೆ ಗಾಳಿಗೆ ಬಡಿದು ಟ್ಯಾಂಕಿನ ಬಣ್ಣ ಹೋಗುತ್ತದೆ. ಕವರ್ ಹಾಕುವುದಂತೂ ಬೇಡವೇ ಬೇಡ. ಅದು ಗಾಳಿಗೆ ಹಾಯಿಯ ಹಾಗೆ ಉಬ್ಬಿ ದಾರಿಯುದ್ದಕ್ಕೂ ಬಣ್ಣ ಉಜ್ಜುತ್ತದೆ.

ಎಲ್ಲ ಮುಗಿದ ಮೇಲೆ ಅಣ್ಣ ಬೈಕಿನ ಸೀಟು ಹಿಡಿದು ಜೋರಾಗಿ ಅಲ್ಲಾಡಿಸಿದರು. ಬೈಕಿನ ಜೊತೆ ಟ್ರೈಲರೂ ಅಲ್ಲಾಡಿತು. "ಹಾಂ, ಈಗ ಹೋಗುವಾ ಮಾರಾಯ" ಅಂದರು.

ಟ್ರೈಲರ್ ಇದ್ದರೆ ಜರ್ಮನಿಯ ಹೆದ್ದಾರಿಯಲ್ಲೂ ಗಂಟೆಗೆ 80 ಕಿಲೋಮೀಟರೇ ಮಿತಿ. ಬೇರೆ ಅರ್ಹತೆ ಇದ್ದು 100ರ ಸ್ಟಿಕ್ಕರ್ ಪಡೆದ ಟ್ರೈಲರಿಗೆ ಮಾತ್ರ 100. ನಮ್ಮದಕ್ಕೆ ಇರಲಿಲ್ಲ. ಲಾರಿಗಳ ಸಾಲಿನಲ್ಲಿ ಸುಮ್ನೆ ಹೋದೆವು. ಉಲ್ಮ್‌ನಿಂದ ಸ್ಟುಟ್‌ಗಾರ್ಟ್ ಕಡೆ ಬರುವ ಎ8 ರಸ್ತೆ ಆಲ್ಬ್ ಬೆಟ್ಟ ಇಳಿಯುತ್ತದೆ. ಬ್ರೇಕ್ ಇಲ್ಲದ ಟ್ರೈಲರ್ ಇಳಿಜಾರಿನಲ್ಲಿ ಕಾರನ್ನು ಹಿಂದಿನಿಂದ ದೂಡುವುದು ಬೆನ್ನಿಗೇ ಗೊತ್ತಾಗುತ್ತದೆ. ಇಳಿಯುವ ಮೊದಲೇ ಗೇರ್ ಇಳಿಸಿಕೊಂಡರೆ ಬ್ರೇಕಿಗೆ ಕಷ್ಟ ಇಲ್ಲ. ಹೊರಟು ಹದಿನೈದು ಕಿಲೋಮೀಟರ್ ಒಳಗೆ ಒಮ್ಮೆ ನಿಲ್ಲಿಸಿ ಬೆಲ್ಟ್ ಮುಟ್ಟಿ ನೋಡಬೇಕು. ಕುಲುಕಾಟಕ್ಕೆ ಎಲ್ಲ ತಮ್ಮ ಜಾಗದಲ್ಲಿ ಕೂತು ಒಂದೆರಡು ಹಲ್ಲಿನಷ್ಟು ಸಡಿಲ ಆಗಿಯೇ ಇರುತ್ತದೆ.

ರಿವರ್ಸ್ ತೆಗೆಯುವುದು ಬೇರೆಯೇ ವಿದ್ಯೆ. ಭಾನುವಾರ ಅಲ್ಲಿ ಅಂಗಡಿಗಳು ಮುಚ್ಚಿರುತ್ತವೆ. ಸೂಪರ್ ಮಾರ್ಕೆಟಿನ ಪಾರ್ಕಿಂಗ್ ಖಾಲಿ ಇದ್ದರೆ ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಸ್ಟಿಯರಿಂಗಿನ ಕೆಳತುದಿಯನ್ನು ಹಿಡಿಯಿರಿ. ಟ್ರೈಲರ್ ಯಾವ ಕಡೆ ಹೋಗಬೇಕೋ ಕೈಯನ್ನು ಆ ಕಡೆ ಸರಿಸಿ. ಸಣ್ಣ ಟ್ರೈಲರ್ ದೊಡ್ಡದಕ್ಕಿಂತ ಬೇಗ ಮಡಚಿಕೊಳ್ಳುತ್ತದೆ, ಖಾಲಿ ಇದ್ದಾಗ ಕನ್ನಡಿಯಲ್ಲಿ ಕಾಣುವುದೂ ಇಲ್ಲ. ತೀರಾ ಆಗದಿದ್ದರೆ ಕಳಚಿ ಕೈಯಲ್ಲಿ ತಿರುಗಿಸಿ. ಅದರಲ್ಲಿ ನಾಚಿಕೆ ಇಲ್ಲ.

ವಿಮೆಯ ಒಂದು ಮಾತು. ರಸ್ತೆಯಲ್ಲಿ ಇತರರಿಗೆ ಆಗುವ ಹಾನಿಗೆ ಇರುವ ಕಡ್ಡಾಯ ವಿಮೆ ಮೇಲಿರುವ ಬೈಕಿಗೆ ಅನ್ವಯಿಸುವುದಿಲ್ಲ. ಬೆಲ್ಟ್ ಕಳಚಿ ಬೈಕ್ ಬಿದ್ದರೆ ಖರ್ಚು ನಮ್ಮದೇ.

ಊರಿಗೆ ಬರುವಾಗ ನಾಲ್ಕು ಬೆಲ್ಟನ್ನು ಬ್ಯಾಗಿನಲ್ಲಿ ಹಾಕಿಕೊಂಡು ಬಂದಿದ್ದೆ. ಅಪ್ಪನ ಹಳೆಯ ಯೆಜ್ಡಿಯನ್ನು ಮಂಗಳೂರಿನ ಮೆಕ್ಯಾನಿಕ್ ಹತ್ತಿರ ಒಯ್ಯಲಿಕ್ಕಿತ್ತು. ಭಾವನ ಹತ್ತಿರ ಪಿಕಪ್ ಇದೆ, ಅಡಿಕೆ, ಗೊಬ್ಬರ ಸಾಗಿಸುವುದು. "ಸೈಡ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ನೈಲಾನ್ ಬಳ್ಳಿ ಬಿಗಿದರೆ ಆಯ್ತು, ನಿನ್ನ ಜರ್ಮನಿ ಇಲ್ಲಿ ಬೇಡ" ಅಂದರು. "ಭಾವ, ನೈಲಾನ್ ಒದ್ದೆಯಾದರೆ ಉದ್ದ ಆಗುತ್ತದೆ, ನಿಮಗೇ ಗೊತ್ತುಂಟಲ್ಲ" ಅಂದೆ. ಜೂನ್ ತಿಂಗಳು, ಮಳೆ ಸುರಿಯುತ್ತಿತ್ತು. ಅವರು ಮತ್ತೆ ಮಾತಾಡಲಿಲ್ಲ.

ಪಿಕಪ್ಪಿನಲ್ಲಿ ಚಕ್ರ ಸಿಕ್ಕಿಸುವ ಚೌಕಟ್ಟು ಇರುವುದಿಲ್ಲ. ಮುಂದಿನ ಚಕ್ರವನ್ನು ಡ್ರೈವರ್ ಕ್ಯಾಬಿನ್ನಿನ ಹಿಂದಿನ ಗೋಡೆಗೆ ತಾಗಿಸಿದೆವು. ಮಧ್ಯೆ ಒಂದು ಹಳೆ ಟಯರ್, ಚಕ್ರದ ಎರಡೂ ಬದಿಗೆ ಅಡಿಕೆ ಮರದ ತುಂಡು. ಬೆಲ್ಟ್ ಕಟ್ಟಿದ್ದು ಜರ್ಮನಿಯ ಕ್ರಮದಲ್ಲೇ. ಪಿಕಪ್ಪಿನ ಬದಿಯ ಬಳ್ಳಿ ಕಟ್ಟುವ ಸಣ್ಣ ಕೊಕ್ಕೆಗಳನ್ನು ನಂಬಬೇಡಿ. ಕೆಳಗಿನ ಚಾಸಿಸ್ಸಿಗೆ ಸೇರಿದ ಗಟ್ಟಿ ಜಾಗ ಹುಡುಕಿ ಅಲ್ಲಿಗೆ ಕಟ್ಟಿ. ಗಡಿ ದಾಟುವಾಗ ಕೇಳಿದರೆ ತೋರಿಸಲಿಕ್ಕೆ ಬೈಕಿನ ಆರ್‌ಸಿ ಕೈಗೆ ಸಿಗುವ ಹಾಗಿರಲಿ. ಕೆಎಲ್ 14 ಬೈಕು ಪಿಕಪ್ಪಿನ ಮೇಲೆ ಕರ್ನಾಟಕಕ್ಕೆ ಹೋಗುತ್ತಿದ್ದರೆ ಪೊಲೀಸರು ಒಮ್ಮೆ ನೋಡುವುದು ಸಹಜ.

ಸಾರಡ್ಕ, ವಿಟ್ಲ ದಾರಿಯ ತಿರುವುಗಳಲ್ಲಿ ಭಾವ ಕನ್ನಡಿಯಲ್ಲಿ ಹಿಂದೆ ನೋಡುತ್ತಲೇ ಇದ್ದರು. ಕಲ್ಲಡ್ಕದಲ್ಲಿ ಕೆಟಿ (ಕಲ್ಲಡ್ಕ ಟೀ) ಕುಡಿಯಲಿಕ್ಕೆ ನಿಲ್ಲಿಸಿದಾಗ ಬೆಲ್ಟ್ ಮುಟ್ಟಿ ನೋಡಿದ್ದು ಅವರೇ.

ಇಳಿಸುವಾಗ ಹಿಂದಿನ ಬೆಲ್ಟ್ ಮೊದಲು ಬಿಚ್ಚಬೇಕು, ಮುಂದಿನದ್ದು ಆಮೇಲೆ. ಮುಂದಿನದ್ದು ಬಿಚ್ಚುವ ಮೊದಲು ಒಬ್ಬರು ಬೈಕ್ ಹಿಡಿದಿರಲೇಬೇಕು, ಯಾಕೆಂದರೆ ಕುಸಿದ ಫೋರ್ಕ್ ಒಮ್ಮೆಲೇ ಮೇಲೇಳುತ್ತದೆ. ಎಂಜಿನ್ ಬಂದ್ ಮಾಡಿ ಒಂದನೇ ಗೇರಿನಲ್ಲಿಟ್ಟು, ಕ್ಲಚ್ ಸ್ವಲ್ಪ ಸ್ವಲ್ಪವೇ ಒತ್ತಿ ಬಿಡುತ್ತಾ ಬಂದರೆ ಹಿಂದಿನ ಚಕ್ರಕ್ಕೂ ಬ್ರೇಕ್ ಇದ್ದ ಹಾಗೆ ಆಗುತ್ತದೆ. ಒದ್ದೆ ಹಲಗೆಯಲ್ಲಿ ಬರೀ ಮುಂದಿನ ಬ್ರೇಕ್ ನಂಬಿ ಇಳಿಸಿದರೆ ಮುಂದಿನ ಚಕ್ರ ಲಾಕ್ ಆಗಿ ಜಾರುತ್ತದೆ.

ಬೆಲ್ಟ್ ಈಗ ಭಾವನ ಪಿಕಪ್ಪಿನಲ್ಲೇ ಇದೆ. ಮುಂದಿನ ಸಲ ಬರುವಾಗ ಇನ್ನೂ ನಾಲ್ಕು ತರಬೇಕಂತೆ, ಫ್ರಿಜ್ಜು, ಕಪಾಟು ಸಾಗಿಸಲಿಕ್ಕೆ. ಮಂಗಳೂರಿನಲ್ಲೇ ಸಿಗುತ್ತದೆ ಅಂದರೆ ಕೇಳುವುದಿಲ್ಲ.