ಫ್ಯಾಂಟಸಿ ವೀಡಿಯೊ ಗೇಮಿನ ಕಥೆಯನ್ನೂ ಕಾದಂಬರಿಯನ್ನೂ ಹೋಲಿಸಿ ನೋಡೋದು ಹೇಗೆ?

ಎಲ್ಫ್, ಡ್ವಾರ್ಫ್, ಡ್ರ್ಯಾಗನ್‌ನಂಥ ಕಾಲ್ಪನಿಕ ಜೀವಿಗಳು ಎರಡರಲ್ಲೂ ಇವೆ ಅಂತ ಸುಮ್ನೆ ಪಟ್ಟಿ ಮಾಡಬೇಡಿ. ಅವೆಲ್ಲ ಯುರೋಪಿನ ಹಳೇ ಕಥೆಗಳಿಂದ ಎಲ್ಲರೂ ಎತ್ತಿಕೊಂಡದ್ದು. ಟೋಲ್ಕಿನ್‌ನ ‘ಲಾರ್ಡ್ ಆಫ್ ದಿ ರಿಂಗ್ಸ್’ನ ಮಾಂತ್ರಿಕ ಗ್ಯಾಂಡಾಲ್ಫ್‌ನ ಹೆಸರೂ ಹಳೆಯ ನಾರ್ಸ್ (ಸ್ಕ್ಯಾಂಡಿನೇವಿಯಾದ) ಕಾವ್ಯದ್ದೇ.

ಒಂದೇ ಒಂದು ಸನ್ನಿವೇಶ ಹಿಡಿದುಕೊಳ್ಳಿ. ನಮ್ಮ ಉಡುಪಿಯಲ್ಲಿ ಒಂದೇ ಯಕ್ಷಗಾನ ಪ್ರಸಂಗವನ್ನು ಎರಡು ಮೇಳಗಳ ಆಟದಲ್ಲಿ ನೋಡಿ ಮಾತಾಡ್ತೇವಲ್ವಾ, ಹಾಗೆ.

ನಾನು ಗೆಳೆಯರಿಗೆ ‘ದಿ ವಿಚರ್’ನಿಂದಲೇ ಶುರು ಮಾಡಿ ಅಂತೇನೆ. ವಿಚರ್ ಅಂದ್ರೆ ಹಣ ಪಡೆದು ರಕ್ಕಸರನ್ನು ಬೇಟೆಯಾಡುವವನು. ಪೋಲೆಂಡಿನ ಆಂದ್ಜೆಯ್ ಸಪ್ಕೋವ್ಸ್ಕಿಯ ಮೊದಲ ವಿಚರ್ ಕಥೆ ಪ್ರಕಟವಾದದ್ದು 1986ರಲ್ಲಿ. ಗೇಮ್ ಬಂದದ್ದು 2007ರಲ್ಲಿ. ಕಥೆಯಲ್ಲಿ ರಾಜನ ಮಗಳು ಶಾಪದಿಂದ ಸ್ಟ್ರಿಗಾ ಎಂಬ ರಕ್ಕಸಿಯಾಗಿದ್ದಾಳೆ. ಶಾಪ ಕಳೆಯಲು ವಿಚರ್ ಕೋಳಿ ಕೂಗುವ ತನಕ ಅವಳು ತನ್ನ ಶವಪೆಟ್ಟಿಗೆಗೆ ವಾಪಸ್ ಹೋಗದಂತೆ ತಡೆಯಬೇಕು. ಗೇಮಿನ ಆರಂಭದ ವೀಡಿಯೊದಲ್ಲೂ ಇದೇ ಕಾಳಗ. ಮೊದಲು ಕಥೆ ಓದಿ, ಆಮೇಲೆ ವೀಡಿಯೊ ಹಾಕಿ. ಕಥೆಯಲ್ಲಿ ಕಾಳಗಕ್ಕೆ ಮೊದಲು ರಾಜನ ಜೊತೆ ಮಾತುಕತೆ, ಅವನ ಸಂಕಟ ಎಲ್ಲ ಬರುತ್ತದೆ. ವೀಡಿಯೊದಲ್ಲಿ ಹೊಡೆದಾಟವೇ ಜಾಸ್ತಿ. ಏನು ಉಳಿಯಿತು, ಏನು ಬಿಟ್ಟುಹೋಯಿತು ಅಂತ ಬರೆದಿಡಿ. ಅಸಲಿ ರುಚಿ ಅಲ್ಲೇ ಇರೋದು!

ಗೇಮಿನ ಮುಖ್ಯ ಕಥೆ ನಡೆಯೋದು ಕಾದಂಬರಿಗಳು ಮುಗಿದ ನಂತರ. ಹಾಗಾಗಿ ಘಟನೆ ಹೊಂದಲಿಲ್ಲ ಅಂತ ತಲೆಕೆಡಿಸಿಕೊಳ್ಳಬೇಡಿ.

ಆಮೇಲೆ 2022ರ ‘ಎಲ್ಡನ್ ರಿಂಗ್’ ಗೇಮ್ ನೋಡಿ. ಅದರ ಪೂರ್ವಕಥೆ ಬರೆದದ್ದು ಕಾದಂಬರಿಕಾರ ಜಾರ್ಜ್ ಆರ್. ಆರ್. ಮಾರ್ಟಿನ್. ಅಲ್ಲಿ ಕತ್ತಿ, ಕವಚಗಳ ವಿವರಣೆಯಲ್ಲೇ ಎಷ್ಟೋ ಕಥೆ ಅಡಗಿದೆ. ಒಂದೊಂದನ್ನೂ ಓದಿ, ಹೆಸರುಗಳನ್ನು ಬರೆದುಕೊಂಡು ವಂಶವೃಕ್ಷ ಬಿಡಿಸುತ್ತಾ ಹೋಗಿ.